ಬೆಚ್ಚಿಸುವ ಸದ್ದು, ಬೆಚ್ಚಿಸದ ಸದ್ದು

ಓಡುವ ಬಸ್ಸಿನಲ್ಲಿ ಕುಳಿತ ತರುಣನೊಬ್ಬ ಹೆಡ್‌ಫೋನ್ ಧರಿಸಿ, ಫೋನಿನಲ್ಲಿ ಮಲ್ಲಿಕಾರ್ಜುನ ಮನಸೂರರ ಹಳೆಯ ಧ್ವನಿಮುದ್ರಣವೊಂದನ್ನು ಆಲಿಸುತ್ತಿದ್ದಾನೆ. ಮುದ್ರಣದ ದನಿ ಮೊದಲೇ ಮೆಲುವಾದುದು. ಸಾಲದುದಕ್ಕೆ ಎಂಜಿನ್ನಿನ ಗದ್ದಲ. ಆತ ದನಿಯನ್ನು ತುದಿಯವರೆಗೂ ಏರಿಸುತ್ತಾನೆ. ರಾಗ ಮುಗಿದ ಮರುಕ್ಷಣವೇ ಯಾವುದೋ ಸಾಬೂನಿನ ಜಾಹೀರಾತು ಸಿಡಿಲಿನಂತೆ ಎರಗುತ್ತದೆ. ಬೆಚ್ಚಿಬಿದ್ದು ಹೆಡ್‌ಫೋನನ್ನು ಕಿತ್ತು ತೆಗೆದವನು ಮೊದಲು ಅದನ್ನೇ ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ: ಕೆಟ್ಟುಹೋಯಿತೇ? ಕಿವಿಯ ಯೋಚನೆ ಬರುವುದು ಆಮೇಲೆ, ಅದೂ ಬಂದರೆ.

ಹೆಡ್‌ಫೋನಿನ ವಿಷಯ ಸರಳವಾದುದು. ಅದರೊಳಗೆ ತೆಳುವಾದ ಪೊರೆಯೊಂದಿದೆ. ಅದಕ್ಕಂಟಿದ ತಂತಿಯ ಸುರುಳಿ ಅಯಸ್ಕಾಂತದ ಸೆಳೆತದಲ್ಲಿ ಕಂಪಿಸುತ್ತದೆ. ವಿದ್ಯುತ್ತು ಮಿತಿಮೀರಿ ಹರಿದರೆ ಸುರುಳಿ ಸುಟ್ಟೀತು, ಪೊರೆ ಹರಿದೀತು. ಕಿಸೆಯ ಫೋನಿಗೆ ಸಾಮಾನ್ಯವಾಗಿ ಅಷ್ಟು ಬಲವಿಲ್ಲ. ಕೆಟ್ಟಿದ್ದರೆ ದನಿಯೊಡೆದು ಗೊರಗುಟ್ಟುತ್ತದೆ; ಹೊಸದನ್ನು ಕೊಂಡರಾಯಿತು.

ಕಿವಿಯನ್ನು ಮಾರುವ ಅಂಗಡಿಯಿಲ್ಲ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ನಳಿಗೆಯೊಂದಿದೆ. ಅದರಲ್ಲಿ ಸಾಲುಗಟ್ಟಿ ನಿಂತ ಸುಮಾರು 15,000 ರೋಮಕೋಶಗಳು ಸದ್ದಿನ ಅಲೆಯನ್ನು ನರದ ಸಂಕೇತವನ್ನಾಗಿ ಮಾರ್ಪಡಿಸುತ್ತವೆ. ಹಕ್ಕಿಗಳಲ್ಲಿ ಇವು ನಾಶವಾದರೆ ಮರಳಿ ಹುಟ್ಟುತ್ತವೆ. ಕೋಳಿಗಿರುವ ಆ ಭಾಗ್ಯ ಮನುಷ್ಯನಿಗಿಲ್ಲ. ದೊಡ್ಡ ಸದ್ದಿಗೆ ನಡುಗಿವಿಯ ಪುಟ್ಟ ಸ್ನಾಯು ಬಿಗಿದು ತಡೆಯೊಡ್ಡುವುದೇನೋ ನಿಜ. ಆದರೆ ಕಿವಿಯ ಬಳಿ ಪಟಾಕಿ ಸಿಡಿದರೆ, ಸ್ನಾಯು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಸದ್ದು ಒಳಹೊಕ್ಕಾಗಿರುತ್ತದೆ. ಅಂಥ ಒಂದೇ ಪೆಟ್ಟು ಶ್ರವಣಶಕ್ತಿಯನ್ನು ಕಸಿಯಬಲ್ಲದು.

ಹಾಗಾದರೆ ಜಾಹೀರಾತಿನ ಪೆಟ್ಟೂ ಅಂಥದೇ? ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ, ವಯಸ್ಕರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ ಈ ಮಿತಿ 75 ಡೆಸಿಬೆಲ್. ಸದ್ದು 3 ಡೆಸಿಬೆಲ್ ಏರಿದರೆ ಅದರ ಶಕ್ತಿ ಇಮ್ಮಡಿಯಾಗುತ್ತದೆ, ಕೇಳಬಹುದಾದ ಹೊತ್ತು ಅರ್ಧಕ್ಕಿಳಿಯುತ್ತದೆ. ಈ ಲೆಕ್ಕದಲ್ಲಿ 95 ಡೆಸಿಬೆಲ್ಲಿನ ಹಾಡಿಗೆ ವಾರವಿಡೀ ಸಲ್ಲುವುದು ಒಂದೂಕಾಲು ಗಂಟೆ. ಜಾಹೀರಾತು ಅದರಲ್ಲಿ ಕೆಲವೇ ಕ್ಷಣಗಳನ್ನು ಕದ್ದೀತು. ಅದು ಕೂಗಿ ಹೇಳಿಯೇ ಹೊಡೆಯುವ ಪ್ರಾಮಾಣಿಕ ಶತ್ರು. ಕೈ ತಾನಾಗಿ ಕಿವಿಯತ್ತ ಧಾವಿಸುತ್ತದೆ.

ಅಂಜಬೇಕಾದದ್ದು ಬೆಚ್ಚಿಸದ ಸದ್ದಿಗೆ. ಅಬ್ಬರದ ಹಾಡನ್ನು ಗಂಟೆಗಟ್ಟಲೆ ಕೇಳಿದ ಕಿವಿ ಮಂದವಾಗುತ್ತದೆ. ಮಂದವಾದ ಕಿವಿಗೆ ಅಬ್ಬರವೇ ಹಿತವೆನಿಸುತ್ತದೆ. ಮರುದಿನ ಎಲ್ಲವೂ ಮೊದಲಿನಂತೆ ಕೇಳಿಸಿತೆಂದು ನೆಮ್ಮದಿ ತಾಳುವಂತಿಲ್ಲ. ಶ್ರವಣಶಕ್ತಿ ಮರಳಿದಂತೆ ತೋರಿದ ಮೇಲೂ ರೋಮಕೋಶಕ್ಕೂ ನರಕ್ಕೂ ನಡುವಣ ಬೆಸುಗೆಗಳು ಶಾಶ್ವತವಾಗಿ ಕಳಚಿದ್ದುದನ್ನು ಕುಜಾವಾ ಮತ್ತು ಲಿಬರ್‌ಮನ್ ಎಂಬ ವಿಜ್ಞಾನಿಗಳು 2009ರಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟರು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಡೆಯುತ್ತದೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಮುಗಿಯುವವರೆಗೂ ಕಿವಿಯನ್ನು ಪಣಕ್ಕಿಡುವುದು ಜಾಣತನವಲ್ಲ.

ಬಸ್ಸಿನ ತರುಣನು ಮಾತ್ರ ಹೆಡ್‌ಫೋನ್ ಸರಿಯಿದೆಯೆಂದು ಸಮಾಧಾನಗೊಂಡು ಮತ್ತೆ ಧರಿಸಿದ್ದಾನೆ. ಈಗ ಬರುತ್ತಿರುವುದು ಚಿತ್ರಗೀತೆ. ದನಿಯನ್ನು ಇಳಿಸಲು ಆತನಿಗೆ ನೆನಪಾಗಿಲ್ಲ. ನಿಲ್ದಾಣದಲ್ಲಿ ಎಂಜಿನ್ನು ನಿಂತಾಗ ಆ ಹಾಡು ಪಕ್ಕದ ಆಸನದವರಿಗೂ ಕೇಳಿಸುತ್ತದೆ.