ಮೂಲೆಗೆ ಸರಿದ ರಾಷ್ಟ್ರೀಯ ಪಂಚಾಂಗ

ಧಾರವಾಡ,
ಚೈತ್ರ 5, ಶಕ 1948
(26 ಮಾರ್ಚ್ 2026)

ಮಾನ್ಯ ಸಂಪಾದಕರೇ,

ವರ್ಷಕ್ಕೆರಡು ಬಾರಿ, ಜನವರಿಯ ಮೊದಲ ವಾರದಲ್ಲೊಮ್ಮೆ ಮತ್ತು ಯುಗಾದಿಯ ಆಸುಪಾಸಿನಲ್ಲೊಮ್ಮೆ, ನಮ್ಮ ಪತ್ರಿಕೆಗಳ ಓದುಗರ ಅಂಕಣಗಳಲ್ಲಿ ಒಂದೇ ವಾಗ್ವಾದವು ತಪ್ಪದೆ ಮರುಕಳಿಸುತ್ತದೆ. ಜನವರಿ ಒಂದು ಪರಕೀಯರ ಹೊಸವರ್ಷ, ಅದನ್ನು ಆಚರಿಸುವುದು ಸ್ವಾಭಿಮಾನಶೂನ್ಯತೆಯೆಂದು ಒಬ್ಬರು ಬರೆದರೆ, ಸಂಬಳದಿಂದ ಹಿಡಿದು ರೈಲ್ವೆ ಟಿಕೆಟಿನವರೆಗೆ ಸಕಲ ವ್ಯವಹಾರವನ್ನೂ ಆ ಪಂಚಾಂಗದ ಮೇಲೆಯೇ ನಡೆಯಿಸುವವರಿಗೆ ಯುಗಾದಿಯೊಂದು ದಿನ ಮಾತ್ರ ಸ್ವದೇಶಾಭಿಮಾನ ಉಕ್ಕುವುದು ಏತಕ್ಕೆಂದು ಮತ್ತೊಬ್ಬರು ಕೇಳುತ್ತಾರೆ. ಎರಡು ಪಕ್ಷಗಳಲ್ಲಿಯೂ ಸ್ವಲ್ಪ ಸತ್ಯವಿದೆ. ಆದರೆ ಇಬ್ಬರೂ ಮರೆತಿರುವ ಸಂಗತಿಯೊಂದಿದೆ: ಈ ಪ್ರಶ್ನೆಗೆ ಭಾರತ ಸರ್ಕಾರವು 1957ರಲ್ಲಿಯೇ ಒಂದು ಉತ್ತರವನ್ನು ಕೊಟ್ಟು, ಆಮೇಲೆ ಆ ಉತ್ತರವನ್ನು ತಾನೇ ಮೂಲೆಗೆ ಸರಿಸಿ ಕುಳಿತಿದೆ.

ಒಂದೇ ಸಂಸಾರದಲ್ಲಿ ಹಲವು ವರ್ಷಾರಂಭಗಳು ಸೇರಿ ಬಾಳುವುದರಿಂದ ಯಾವ ಹಾನಿಯೂ ಇಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳೋಣ. ನಮ್ಮ ಮಕ್ಕಳಿಗೆ ವರ್ಷ ಹುಟ್ಟುವುದು ಶಾಲೆಯ ಬಾಗಿಲು ತೆರೆದ ದಿನ, ಹೊಸ ಪುಸ್ತಕಗಳಿಗೆ ಹೊದಿಕೆ ಹಾಕುವ ಹೊತ್ತಿನಲ್ಲಿ. ತೆರಿಗೆ ಕಟ್ಟುವ ಗೃಹಸ್ಥನಿಗೆ ಅದು ಏಪ್ರಿಲ್ ಒಂದು, ಬ್ರಿಟಿಷ್ ಆಡಳಿತವು 1867ರಿಂದ ಜಾರಿಗೆ ತಂದ ಲೆಕ್ಕ. ನಮ್ಮ ಕಡೆಯ ವರ್ತಕರು ಲಕ್ಷ್ಮೀಪೂಜೆ ಮಾಡಿ ಹೊಸ ಖಾತೆಯನ್ನು ತೆರೆಯುವುದು ದೀಪಾವಳಿಯಲ್ಲಿ. ತುಳುನಾಡಿನವರು ಕಣಿ ಇಟ್ಟು ಬಿಸುವನ್ನು ಆಚರಿಸುವುದು ಏಪ್ರಿಲ್ ಮಧ್ಯದಲ್ಲಿ. ಮೊನ್ನೆ 19ರಂದು ಬೇವುಬೆಲ್ಲವನ್ನು ಮೆದ್ದು, ಪಂಚಾಂಗಶ್ರವಣದಲ್ಲಿ ಪರಾಭವನಾಮ ಸಂವತ್ಸರದ ಆದಾಯ ವ್ಯಯಗಳನ್ನು ಕೇಳಿ, ತಮ್ಮ ರಾಶಿಗೆ ವ್ಯಯವೇ ಹೆಚ್ಚೆಂದು ಪೇಚಾಡಿದವರೇ ಇನ್ನು ನಾಲ್ಕಾರು ದಿನಗಳಲ್ಲಿ ಆರ್ಥಿಕ ವರ್ಷದ ಲೆಕ್ಕವನ್ನು ಮುಗಿಸಲು ಧಾವಿಸುವರು. ಆಚರಣೆಯ ವಿಷಯದಲ್ಲಿ ಈ ಬಹುತ್ವವು ನಮ್ಮ ಸಂಪತ್ತೇ ಸರಿ. ಆದರೆ ಒಂದು ರಾಜ್ಯಾಡಳಿತಕ್ಕೆ ದಿನಗಣನೆಯ ಒಂದು ಸ್ಥಿರಕ್ರಮವು ಬೇಕು. ಚಾಂದ್ರಮಾನವನ್ನು ಆ ಕೆಲಸಕ್ಕೆ ಹಚ್ಚಲಾಗದು. ಈ ವರ್ಷ ಅದರಲ್ಲಿ ಜ್ಯೇಷ್ಠವೇ ಎರಡು ಬರುವುದರಿಂದ ತಿಂಗಳ ಸಂಬಳವನ್ನೆಣಿಸುವವನ ಗತಿ ಏನಾದೀತೆಂಬುದನ್ನು ಊಹಿಸಬಹುದು.

ಈ ಕಷ್ಟವನ್ನು ಬಲ್ಲವರಾಗಿಯೇ ಸ್ವತಂತ್ರ ಭಾರತದ ಆದ್ಯರು 1952ರಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿದರು. ವಿಶ್ವವಿಖ್ಯಾತ ಭೌತವಿಜ್ಞಾನಿ ಮೇಘನಾದ ಸಾಹಾ ಅದರ ಅಧ್ಯಕ್ಷರು, ಎನ್. ಸಿ. ಲಾಹಿರಿ ಕಾರ್ಯದರ್ಶಿ. ದೇಶದಲ್ಲಿ ಪ್ರಚಲಿತವಾಗಿದ್ದ ಸುಮಾರು ಮೂವತ್ತು ಪಂಚಾಂಗಗಳನ್ನು ಪರಿಶೀಲಿಸಿ, ಸಮಿತಿಯು 1955ರಲ್ಲಿ ವರದಿಯನ್ನು ಒಪ್ಪಿಸಿತು. ಅದರಂತೆ ವಸಂತವಿಷುವದ ಮರುದಿನ, ಎಂದರೆ ಮಾರ್ಚ್ 22ರಂದು, ಅಧಿಕ ವರ್ಷವಾದರೆ 21ರಂದು, ಚೈತ್ರ ಒಂದು. ಚೈತ್ರಕ್ಕೆ ಮೂವತ್ತು ದಿನ, ಅಧಿಕ ವರ್ಷದಲ್ಲಿ ಮೂವತ್ತೊಂದು. ವೈಶಾಖದಿಂದ ಭಾದ್ರಪದದವರೆಗಿನ ಐದು ಮಾಸಗಳಿಗೆ ಮೂವತ್ತೊಂದೊಂದು. ಉಳಿದ ಆರಕ್ಕೆ ಮೂವತ್ತು. ಮಗುವೂ ಬಾಯಿಪಾಠ ಮಾಡಬಹುದಾದಷ್ಟು ಸರಳವಾದ ಈ ಕ್ರಮವು 1957ರ ಮಾರ್ಚ್ 22ರಂದು, ಶಕ 1879ರ ಚೈತ್ರ ಒಂದರಂದು, ಗ್ರೆಗೋರಿಯನ್ ಪಂಚಾಂಗದ ಜೊತೆಜೊತೆಗೆ ಜಾರಿಗೆ ಬಂದಿತು. ಅದಕ್ಕೆ ಒಂದು ವರ್ಷದ ಹಿಂದೆಯೇ ತೀರಿಕೊಂಡ ಸಾಹಾ ಅವರಿಗೆ ಆ ದಿನವನ್ನು ಕಾಣುವ ಭಾಗ್ಯವಿರಲಿಲ್ಲ. ರಾಜಪತ್ರದಲ್ಲಿ, ಆಕಾಶವಾಣಿಯ ವಾರ್ತೆಗಳಲ್ಲಿ, ಸರ್ಕಾರಿ ಕ್ಯಾಲೆಂಡರುಗಳಲ್ಲಿ ಮತ್ತು ಸರ್ಕಾರವು ಪ್ರಜೆಗಳಿಗೆ ಬರೆಯುವ ಪತ್ರಗಳಲ್ಲಿ ಅದನ್ನು ಬಳಸತಕ್ಕದ್ದೆಂದು ಆಗ ನಿರ್ಣಯವಾಯಿತು.

ಕನ್ನಡಿಗರಿಗಂತೂ ಈ ಶಕವರ್ಷವು ದೆಹಲಿಯಿಂದ ಬಂದ ವಸ್ತುವಲ್ಲ. ಬಾದಾಮಿಯ ಬಂಡೆಯ ಮೇಲೆ ಮೊದಲನೆಯ ಪುಲಕೇಶಿಯು ಕೋಟೆಯನ್ನು ಕಟ್ಟಿಸಿದುದನ್ನು ಸಾರುವ ಶಾಸನದ ಕಾಲ ಶಕ 465. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ಕೆತ್ತಿಸಿದುದು ಶಕ 556. ಕಲ್ಯಾಣದ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಶಕವರ್ಷವನ್ನು ಬದಿಗೊತ್ತಿ ತನ್ನ ಹೆಸರಿನ ಚಾಲುಕ್ಯ ವಿಕ್ರಮ ವರ್ಷವನ್ನು ನೆಲೆಗೊಳಿಸಲು ಹೊರಟನು. ಅವನ ವಂಶದ ಪ್ರಭಾವ ಇಳಿದಂತೆ ಆ ಗಣನೆಯೂ ಅಳಿಯಿತು, ವಿಜಯನಗರದ ಅರಸರು ಮತ್ತೆ ಶಕವರ್ಷದಲ್ಲಿಯೇ ದಾನಶಾಸನಗಳನ್ನು ಬರೆಯಿಸಿದರು. ಹಾಗೆಂದು ಇದು ಪರಿಶುದ್ಧ ಸ್ವದೇಶೀಯವೆಂದು ಬೀಗುವವರೂ ತುಸು ತಡೆಯಬೇಕು. ಈ ಶಕೆಯ ಮೂಲವನ್ನು ವಿದ್ವಾಂಸರು ಹೊರಗಿನಿಂದ ಬಂದು ಇಲ್ಲಿ ಆಳಿದ ಕುಷಾಣರಲ್ಲಿಯೋ ಶಕ ಕ್ಷತ್ರಪರಲ್ಲಿಯೋ ಹುಡುಕುತ್ತಾರೆ. ಶಾಲಿವಾಹನನ ಹೆಸರು ಅದಕ್ಕೆ ಅಂಟಿಕೊಂಡುದು ಶತಮಾನಗಳ ತರುವಾಯ. ಹುಟ್ಟಿನಿಂದಲ್ಲದೆ ಬಳಕೆಯಿಂದಲೇ ಅದು ನಮ್ಮದಾಯಿತು. ಬಳಕೆ ತಪ್ಪಿದರೆ ನಮ್ಮದಾಗಿಯೂ ಉಳಿಯಲಾರದು.

ತಪ್ಪಿರುವುದೂ ಅದೇ. ಕಳೆದ ವರ್ಷ ನಾನು ಒಂದು ಚೆಕ್ಕಿನ ಮೇಲೆ ಕನ್ನಡದಲ್ಲಿ ಶಕ 1947ರ ದಿನಾಂಕವನ್ನು ಬರೆದು ಬ್ಯಾಂಕೊಂದರಲ್ಲಿ ಕೊಟ್ಟಾಗ, ಅಲ್ಲಿಯ ತರುಣ ನೌಕರರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಸ್ವಾತಂತ್ರ್ಯ ಬಂದ ವರ್ಷದ ಚೆಕ್ ಈಗ ನಡೆಯುವುದಿಲ್ಲ ಸರ್” ಎಂದು ವಿನಯದಿಂದಲೇ ಹಿಂದಿರುಗಿಸಿದರು. ಅವರ ಮೇಲೆ ನನಗೆ ಕೋಪವಿಲ್ಲ. ರಾಷ್ಟ್ರೀಯ ಪಂಚಾಂಗವೊಂದು ಇದೆಯೆಂದು ಅವರಿಗೆ ಯಾರೂ ಹೇಳಿಲ್ಲ. ಆಶ್ಚರ್ಯವೆಂದರೆ, ಇಂಥ ಚೆಕ್ಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಆದರೆ ಅದು ಶಕ ದಿನಾಂಕವನ್ನು ಹಿಂದಿಯಲ್ಲಿ ಬರೆದ ಚೆಕ್ಕುಗಳನ್ನು ಮಾನ್ಯಮಾಡಬೇಕೆನ್ನುತ್ತದೆ. ಸಾವಿರ ವರ್ಷಗಳಿಗೂ ಮಿಕ್ಕು ಶಕವರ್ಷವನ್ನು ಕಲ್ಲಿನ ಮೇಲೆ ಕೆತ್ತಿದ ಕನ್ನಡವು ಅದನ್ನು ಕಾಗದದ ಮೇಲೆ ಬರೆಯಲು ಅನರ್ಹವೇ? ರಾಷ್ಟ್ರದ ಪಂಚಾಂಗವು ರಾಷ್ಟ್ರದ ಒಂದೇ ಭಾಷೆಯ ಸೊತ್ತಾಗುವುದು ನ್ಯಾಯವಲ್ಲ.

ಲೋಕವೆಲ್ಲ ಗ್ರೆಗೋರಿಯನ್ ಕ್ರಮದಲ್ಲಿ ನಡೆಯುವಾಗ ಎರಡನೆಯದೊಂದು ಏತಕ್ಕೆಂದು ಕೇಳುವವರಿದ್ದಾರೆ. ಆ ಕ್ರಮವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. 1957ರ ನಿರ್ಣಯವೂ ಹಾಗೆ ಹೇಳಲಿಲ್ಲ. ಎರಡನ್ನೂ ಕೂಡಿಯೇ ಬರೆಯಬೇಕೆಂಬ ಸೌಮ್ಯವಾದ ವ್ಯವಸ್ಥೆ ಅದು. ಅದು ಬೇಡವೆಂದು ಸರ್ಕಾರಕ್ಕೆ ತೋರಿದ್ದರೆ ಸಂಸತ್ತಿನ ಮುಂದೆ ಕಾರಣಗಳನ್ನಿಟ್ಟು ನೇರವಾಗಿ ರದ್ದುಮಾಡಲಿ. ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ರಾಜಪತ್ರದ ಮೇಲ್ಭಾಗದಲ್ಲಿ ಆವರಣ ಚಿಹ್ನೆಯೊಳಗೆ ಅದನ್ನು ಅಚ್ಚುಹಾಕುತ್ತ, ಬೇರೆಲ್ಲಿಯೂ ಅದರ ಸುಳಿವು ಸಿಕ್ಕದಂತೆ ನಡೆದುಕೊಳ್ಳುವುದು ಗೌರವವೂ ಅಲ್ಲ, ಸುಧಾರಣೆಯೂ ಅಲ್ಲ.

ಉಳಿಸಿಕೊಳ್ಳುವುದಾದರೆ ಮಾಡಬೇಕಾದ ಕೆಲಸಗಳು ದೊಡ್ಡವಲ್ಲ. ಪ್ರಾಥಮಿಕ ಶಾಲೆಯ ಪಠ್ಯದಲ್ಲಿ ಈ ಹನ್ನೆರಡು ಮಾಸಗಳ ದಿನಸಂಖ್ಯೆಗೆ ಅರ್ಧ ಪುಟದ ಸ್ಥಳ ದೊರೆಯಲಿ. ರಾಜ್ಯ ಸರ್ಕಾರವು ತನ್ನ ಕನ್ನಡ ಪತ್ರಗಳಲ್ಲಿ ಎರಡು ದಿನಾಂಕಗಳನ್ನೂ ನಮೂದಿಸಲಿ. ರಿಸರ್ವ್ ಬ್ಯಾಂಕು ತನ್ನ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಎಲ್ಲ ಭಾಷೆಗಳಿಗೂ ವಿಸ್ತರಿಸಲಿ. ತಮ್ಮ ಪತ್ರಿಕೆಯ ಶಿರೋನಾಮದ ಕೆಳಗೂ ಪ್ರತಿದಿನ ರಾಷ್ಟ್ರೀಯ ಪಂಚಾಂಗದ ದಿನಾಂಕವೊಂದು ಅಚ್ಚಾದರೆ, ಯಾವುದು ನಿಜವಾದ ಹೊಸವರ್ಷವೆಂದು ವಾದಿಸುವ ಓದುಗರಿಗೆ ವಾದಿಸಲು ಸರಿಯಾದ ಆಧಾರವಾದರೂ ಒದಗೀತು. ಇದನ್ನು ಪರಿಶೀಲಿಸಬೇಕೆಂದು ತಮ್ಮಲ್ಲಿ ಪ್ರಾರ್ಥಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಓದುಗ