ಮಾಮಾಗೆ ಬಿದ್ದ 14 ಅಂಕ

ನಮ್ಮ ಸೋದರಮಾವ ಸೈನ್ಯದಿಂದ ನಿವೃತ್ತನಾಗಿ ನವಲಗುಂದ ತಾಲೂಕಿನ ತನ್ನ ಊರಿಗೆ ಬಂದು ಬಹಳ ವರ್ಷಗಳಾದವು. ಊರವರಿಗೆಲ್ಲ ಅವನು ‘ಮಿಲ್ಟ್ರಿ ಮಾಮಾ’. ಕಳೆದ ಸಲ ಹೋದಾಗ ಮೊಬೈಲಿನಲ್ಲಿ ಒಂದು ಪ್ರಶ್ನಾವಳಿ ತೆರೆದು ಅವನ ಮುಂದೆ ಕೂತೆ. ಅದರ ಹೆಸರು ಪಿಸಿಎಲ್-5. ಯುದ್ಧ, ಅಪಘಾತದಂಥ ಭೀಕರ ಅನುಭವದ ನಂತರ ಮನಸ್ಸನ್ನು ಹಿಡಿದುಕೊಂಡುಬಿಡುವ ಪಿಟಿಎಸ್‌ಡಿ ಎಂಬ ಕಾಯಿಲೆ ಇರಬಹುದೇ ಎಂದು ಜರಡಿ ಹಿಡಿಯಲು ಅಮೆರಿಕದಲ್ಲಿ ರೂಪಿಸಿದ್ದು. 20 ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ 4ರವರೆಗೆ ಅಂಕ, ಒಟ್ಟು 80. 31–33ರ ಗಡಿ ಮುಟ್ಟಿದರೆ ತಜ್ಞರು ನೋಡಬೇಕು. ಇಂಗ್ಲಿಷಿನ ಪ್ರಶ್ನೆಗಳನ್ನು ಮೊಬೈಲೇ ಕನ್ನಡಕ್ಕೆ ತಿರುಗಿಸಿ ಕೊಟ್ಟಿತ್ತು.

ಆ ಅನುಭವದ ನೆನಪುಗಳನ್ನು ತಪ್ಪಿಸಿಕೊಳ್ಳಲು ಪ್ರಯತ್ನಿಸುತ್ತೀರಾ ಎಂದು ಓದಿದೆ. “ನೆನಪ ತಪ್ಪಿಸ್ಕೊಂಡ ತಿರಗಾಕ ಅದೇನ ನನಗ ಸಾಲಾ ಕೊಟ್ಟೈತೇನು?” ಅಂದ. ಅತಿಯಾದ ಜಾಗರೂಕತೆ ಇದೆಯೇ? “ಜಾಗರೂಕ ಇದ್ದಿದ್ದಕ್ಕ ಸರಕಾರ ಪಗಾರ ಕೊಟ್ಟೈತಿ.” ಹೀಗೇ ನಡೆದು ಕೊನೆಗೆ ಬಿದ್ದದ್ದು 14 ಅಂಕ. ಮಾಮಾ ಪಾಸು.

ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತಿ ಕೈ ನಿಲ್ಲಿಸಿ ಹೇಳಿದಳು: “ಹದಿನಾಲ್ಕಂತ ಹದಿನಾಲ್ಕು! ಸಿಯಾಚಿನ್‌ದಿಂದ ಬಂದಾಗಿಂದ ಬಾಗಲಾ ಹಾಕ್ಕೊಂಡ ಒಂದ ರಾತ್ರಿ ಮಲಗಿಲ್ಲ ಈ ಮನಿಶಾ. ಮಳಿಗಾಲದಾಗೂ ಕಟ್ಟಿ ಮ್ಯಾಲೆ.” ಮಾಮಾ, “ಹೊರಗ ಗಾಳಿ ಛಲೋ ಇರ್ತೈತಿ” ಅಂದು ಎದ್ದು ಹೊಲದ ಕಡೆ ಹೋದ.

ಈ ಸಂಗತಿ ಗೆಳೆಯರಿಗೆ ಹೇಳಿದಾಗ ಎರಡು ಪಂಗಡವಾಯಿತು. ಸಾಹಿತ್ಯದ ಗೆಳೆಯರು, ಯಂತ್ರಕ್ಕೇನು ಗೊತ್ತು ಮನುಷ್ಯನ ನೋವು ಅಂದರು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, ಇನ್ನೂ ಒಳ್ಳೆಯ ಆ್ಯಪ್ ಬೇಕಷ್ಟೇ ಅಂದ. ನನ್ನ ಜಗಳ ಇಬ್ಬರ ಜೊತೆಗೂ ಇದೆ.

ಮೊದಲು ನಮ್ಮವರು. ಯಂತ್ರದೆದುರು ಮನುಷ್ಯ ಬಾಯಿ ಬಿಡುವುದಿಲ್ಲ ಎನ್ನುವುದು ಸುಳ್ಳು. ಅಫ್ಘಾನಿಸ್ತಾನದಿಂದ ಮರಳಿದ ಅಮೆರಿಕದ ಸೈನಿಕರ ಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸೈನ್ಯದ ಅಧಿಕೃತ ನಮೂನೆಯಲ್ಲಿ ಬರೆದದ್ದಕ್ಕಿಂತ ಹೆಚ್ಚಿನ ತೊಂದರೆಗಳನ್ನು ಅವರು ಪರದೆಯ ಮೇಲಿನ ಕಂಪ್ಯೂಟರ್ ಬೊಂಬೆಯ ಮುಂದೆ ಒಪ್ಪಿಕೊಂಡರು. ಸಣ್ಣ ಅಧ್ಯಯನ ಹೌದು, ಆದರೆ ಇದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ. ನಮ್ಮ ಸೈನ್ಯದಲ್ಲಿ ಆರೋಗ್ಯವನ್ನು ಅಳೆಯುವ ಪಟ್ಟಿಗೆ ‘ಶೇಪ್’ ಅನ್ನುತ್ತಾರೆ. ಅದರ ಐದು ಅಕ್ಷರಗಳಲ್ಲಿ ಮೊದಲನೆಯದೇ ಮನಸ್ಸಿಗೆ ಮೀಸಲು. ಅದರಲ್ಲಿ ದರ್ಜೆ ಇಳಿದರೆ ಬಡ್ತಿಗೆ ಪೆಟ್ಟು ಬೀಳಬಹುದು. ಹೀಗಿರುವಾಗ ಹದಿನೈದಿಪ್ಪತ್ತು ವರ್ಷ ‘ಎಲ್ಲಾ ಬರೋಬರಿ ಐತ್ರಿ’ ಅನ್ನುವುದನ್ನು ಕಲಿತವನು ನಿವೃತ್ತನಾದ ಮರುದಿನ ಅದನ್ನು ಮರೆಯುತ್ತಾನೆಯೇ? ಆಮೇಲೆ ಸಿಗುವ ಕೆಲಸವಾದರೂ ಯಾವುದು? ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವುದು. ತಲೆ ಸರಿಯಿಲ್ಲ ಅಂತ ಒಂದು ಚೀಟಿ ಬಂದರೆ ಬಂದೂಕೂ ಹೋಯಿತು, ಪಗಾರವೂ ಹೋಯಿತು. ಮೇಲಧಿಕಾರಿಗೆ, ನೆರೆಯವರಿಗೆ, ಬೀಗರಿಗೆ ಹೇಳಲಾಗದ್ದನ್ನು ಅವನು ಯಂತ್ರಕ್ಕೆ ಹೇಳುವುದಾದರೆ ಹೇಳಲಿ. ಬೇಡವೆನ್ನಲು ಕವಿಗೋಷ್ಠಿಯಲ್ಲಿ ಕೂತ ನಾವು ಯಾರು?

ಇನ್ನು ಆ್ಯಪಿನ ಹುಡುಗ. ಅವನು ನನಗೆ ತೋರಿಸಿದ್ದು ನ್ಯೂಯಾರ್ಕ್ ವಿಶ್ವವಿದ್ಯಾಲಯದ 2019ರ ಅಧ್ಯಯನ. ಮಾಜಿ ಸೈನಿಕರ ದನಿಯೊಂದನ್ನೇ ಕೇಳಿ ಕಂಪ್ಯೂಟರು ಶೇಕಡಾ 89ರಷ್ಟು ಸರಿಯಾಗಿ ಪಿಟಿಎಸ್‌ಡಿ ಗುರುತಿಸಿತಂತೆ. ಮಾತಿನಲ್ಲಿ ಸ್ಪಷ್ಟತೆ ಕಡಿಮೆ, ದನಿಯಲ್ಲಿ ಜೀವವಿಲ್ಲ, ಇವೇ ಗುರುತು. ಇರಲಿ, ಒಳ್ಳೆಯ ಕೆಲಸವೇ. ಆದರೆ ಆ ದನಿಗಳೆಲ್ಲ ಇರಾಕ್, ಅಫ್ಘಾನಿಸ್ತಾನಗಳಲ್ಲಿದ್ದು ಬಂದ ಅಮೆರಿಕದವರವು. ಏರುದನಿಯಲ್ಲೇ ಕುಶಲ ವಿಚಾರಿಸುವ ನಮ್ಮ ಎರೆಸೀಮೆಯ ದನಿ ಆ ತಕ್ಕಡಿಯಲ್ಲಿ ಎಷ್ಟು ತೂಗುತ್ತದೆ? ಪ್ರಶ್ನೆಗಳ ಕನ್ನಡದ ಹಣೆಬರಹವನ್ನಂತೂ ನಮ್ಮ ಪಡಸಾಲೆಯಲ್ಲೇ ನೋಡಿದೆ. ‘ಆಘಾತ’, ‘ಒತ್ತಡ’, ‘ಮರುಕಳಿಸುವ ನೆನಪು’ ಇವು ಯಾರ ಬಾಯಲ್ಲಿವೆ? ನಮ್ಮಲ್ಲಿ ಎದಿ ಹೊಡಕೊಳ್ಳುತ್ತದೆ, ನಿದ್ದಿ ಹತ್ತುವುದಿಲ್ಲ, ಮನಸಿಗೆ ಹಚ್ಚಿಕೊಳ್ಳುತ್ತಾರೆ, ಗಾಳಿ ಸೋಕುತ್ತದೆ. ಹೀಗೆ ಕೇಳಿದ್ದರೆ ಮಾಮಾನ ಲೆಕ್ಕ ಬೇರೆಯಾಗುತ್ತಿತ್ತು.

ಆದರೆ ನನ್ನ ಮುಖ್ಯ ತಕರಾರು ಭಾಷೆಯದೂ ಅಲ್ಲ. ಮಾಮಾಗೆ 14ರ ಬದಲು 54 ಬಿದ್ದಿದ್ದರೆ ನಾನು ಏನು ಮಾಡುತ್ತಿದ್ದೆ? ರೋಗವನ್ನು ಜರಡಿ ಹಿಡಿಯುವ ಬಗ್ಗೆ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು ವಿಶ್ವ ಆರೋಗ್ಯ ಸಂಸ್ಥೆಗಾಗಿ 1968ರಲ್ಲೇ ನಿಯಮಗಳನ್ನು ಬರೆದಿಟ್ಟಿದ್ದಾರೆ. ಸಿಕ್ಕ ರೋಗಿಗೆ ಒಪ್ಪಿತ ಚಿಕಿತ್ಸೆ ಇರಬೇಕು, ಅದನ್ನು ಕೊಡುವ ಅನುಕೂಲವೂ ಇರಬೇಕು ಎನ್ನುವುದು ಅವುಗಳಲ್ಲಿ ಮುಖ್ಯವಾದದ್ದು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಆದರೆ ಕಲಘಟಗಿಯ ಹಳ್ಳಿಯಿಂದ, ಅಣ್ಣಿಗೇರಿಯ ಹೊಲದಿಂದ ವಾರವಾರ ಬಸ್ಸು ಹತ್ತಿ, ‘ಹುಚ್ಚರ ಆಸ್ಪತ್ರಿಗೆ ಹೊಂಟಾನ’ ಎನ್ನಿಸಿಕೊಂಡು ಅಲ್ಲಿಗೆ ಹೋಗಿಬರುವ ಫೌಜಿ ಎಷ್ಟು ಜನ? 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿ ಮಾತಾಡಬಹುದು. 2023ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಸೈನ್ಯದವರಿಗಾಗಿಯೇ ಅದರ ಒಂದು ಘಟಕ ತೆರೆದರು. ಸಂತೋಷ. ಆದರೆ ಅದಕ್ಕೆ ಫೋನ್ ಹಚ್ಚಬೇಕಾದವನು ಅವನೇ, ‘ಎಲ್ಲಾ ಬರೋಬರಿ’ ಅನ್ನುವವನು.

2016ರ ಫೆಬ್ರವರಿ ನೆನಪಿಸಿಕೊಳ್ಳಿ. 3ನೇ ತಾರೀಖು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಆರು ದಿನದ ಮೇಲೆ ಕುಂದಗೋಳ ತಾಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ದೇಶಕ್ಕೆ ದೇಶವೇ ಟಿವಿ ಮುಂದೆ ಕೂತಿತು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ನಮ್ಮ ಸೀಮೆಯೇ ಅತ್ತಿತು. ಆ ಅಳು ನಿಜವಾದದ್ದು, ಅದರ ಬಗ್ಗೆ ನಾನೇನೂ ಆಡುವುದಿಲ್ಲ. ಆದರೆ ಅಷ್ಟು ದಿನ ಆ ಹಿಮ ಅಗೆದವರಿದ್ದರಲ್ಲ, ಒಂದೊಂದೇ ಹೆಣ ಎತ್ತಿದವರು? ಅವರೂ ಯಾವುದೋ ಊರಿನವರೇ. ರಜೆಗೆ ಬಂದಿರುತ್ತಾರೆ, ನಿವೃತ್ತರೂ ಆಗಿರುತ್ತಾರೆ. 2003ರಿಂದ ಅಲ್ಲಿ ಕದನವಿರಾಮವಿದೆ. ಹಾಗಾಗಿ ‘ಯುದ್ಧ ನೋಡೀಯೇನು’ ಅಂತ ಕೇಳಿದರೆ ‘ಇಲ್ಲ’ ಅನ್ನುತ್ತಾರೆ. ಸತ್ತವನಿಗೆ ಸರ್ಕಲ್ಲಿನಲ್ಲಿ ಬ್ಯಾನರು ಕಟ್ಟುವ ನಾವು, ಬದುಕಿ ಬಂದವನನ್ನು ಕೇಳುವುದು ಒಂದೇ, ‘ಕ್ಯಾಂಟೀನ್ ಬಾಟ್ಲಿ ಐತೇನು ಮಾಮಾ?’

ಇದಕ್ಕೆ ದಾರಿಯೇ ಇಲ್ಲವೆಂದಲ್ಲ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸಿ, ಔಷಧಿಯನ್ನೂ ಅಲ್ಲಿಗೇ ಮುಟ್ಟಿಸಿ ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಕೇಳಿದ ಮೇಲೆ ಮುಂದೇನು ಅನ್ನುವುದಕ್ಕೆ ಉತ್ತರವಿತ್ತು. ಈಗ ಯಂತ್ರವೂ ಬರಲಿ. ಅಂಕ ಮಾತ್ರ ಬ್ಯಾಂಕಿನವರಿಗೋ ಪಿಂಚಣಿ ಕಚೇರಿಗೋ ಹೋಗದಿರಲಿ. ಅಂಕ ದಾಟಿದವನನ್ನು ವಾರದೊಳಗೆ ಅವನ ಊರಲ್ಲೇ ಕಂಡು ಮಾತಾಡುವ ಒಬ್ಬ ಮನುಷ್ಯನನ್ನು ಮೊದಲು ನೇಮಿಸಿ, ಆಮೇಲೆ ಆ್ಯಪ್ ಬಿಡುಗಡೆಗೆ ಮಂತ್ರಿಗಳನ್ನು ಕರೆಯಿರಿ. ಪ್ರಶ್ನೆಗಳನ್ನು ಬರೆಯಲು ಮಾತ್ರ ಕನ್ನಡ ಓದಿದ ನಮ್ಮಂಥವರು ಕೂರಬೇಕು. ಎಂ.ಎ. ಮಾಡಿ ಏನು ಮಾಡುವುದು ಅಂತ ಕೇಳುವ ವಿದ್ಯಾರ್ಥಿಗಳೇ, ಇದೂ ಒಂದು ಕೆಲಸ.

ನಾನು ಶುರು ಮಾಡಿದ್ದೇನೆ. ನಾಲ್ಕು ಪ್ರಶ್ನೆ ನಮ್ಮ ಮಾತಿನಲ್ಲಿ ಬರೆದು ಫೋನಿನಲ್ಲಿ ಅತ್ತಿಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು. “ಕುಡೀಲಿಲ್ಲಂದ್ರ ನಿದ್ದಿ ಹತ್ತತೈತೇನು ಅಂತ ಕೇಳೇ ಇಲ್ಲಲ್ಲೋ” ಅಂದಳು. ಆ 20 ಪ್ರಶ್ನೆಗಳಲ್ಲೂ ಅದು ಇಲ್ಲ.