ಕಾಲಿಗೊಂದು ತಲೆದಿಂಬು

ಕನ್ನಡದಲ್ಲಿ ದಿಂಬೆಂದರೆ ತಲೆದಿಂಬೇ. ಹಳ್ಳಿಗಾಡಿನಲ್ಲಿ ಅದನ್ನು ತಲೆಗಿಂಬು ಎನ್ನುವವರೂ ಉಂಟು. ಇಂಬೆಂದರೆ ಎಡೆ, ಆಸರೆ. ತಲೆಗೆ ಹೀಗೆ ಆಸರೆಯನ್ನು ಕಲ್ಪಿಸಿಕೊಟ್ಟ ನಮ್ಮ ಹಿರಿಯರು ಕಾಲಿನ ವಿಷಯದಲ್ಲಿ ಮಾತ್ರ ಬಹಳ ಬಿಗಿ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದರು. ದೊಡ್ಡವರೆದುರಿಗೆ ಕಾಲ ಮೇಲೆ ಕಾಲು ಹಾಕಬೇಡವೆಂದರು. ಅಪಾಯ ಬಂದಾಗ ಕಾಲಿಗೆ ಬುದ್ಧಿ ಹೇಳೆಂದರು. ಬುದ್ಧಿ ಹೇಳಿಸಿಕೊಂಡು ಓಡಿದ ಕಾಲು ದಣಿದು ಮನೆಗೆ ಮರಳಿದಾಗ ಅದಕ್ಕೊಂದು ದಿಂಬು ಕೊಡಿರೆಂದು ಹೇಳುವ ಗಾದೆಯನ್ನು ನಾನು ಈವರೆಗೆ ಕೇಳಿಲ್ಲ.

ಈ ಕೊರತೆ ನನ್ನ ಗಮನಕ್ಕೆ ಬಂದುದು ಈಚೆಗೆ, ಎಡಪಾದದ ಮುರಿದ ಮೂಳೆಗೆ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ, ಪುಟ್ಟದೊಂದು ತಿರುಪುಮೊಳೆಯನ್ನು ಕೂಡಿಸಿ, ಪಟ್ಟಿ ಸುತ್ತಿ ಮನೆಗೆ ಕಳುಹಿಸಿದಾಗ. ಮಾತ್ರೆಗಳ ವಿಷಯವನ್ನು ಅವರು ಒಮ್ಮೆ ಹೇಳಿದರು. ದಿಂಬಿನ ವಿಷಯವನ್ನು ಮೂರು ಸಲ ಹೇಳಿದರು. ಮೊದಲ ಎರಡು ವಾರ ಪಾದವು ಎದೆಗಿಂತ ಎತ್ತರದಲ್ಲಿರಬೇಕು. ಕುರ್ಚಿಯಲ್ಲಿ ಕುಳಿತು ಕಾಲನ್ನು ಮುಕ್ಕಾಲುಪೀಠದ ಮೇಲಿಟ್ಟರೆ ಸಾಲದು. ಅದು ಸೊಂಟದ ಎತ್ತರವಾಯಿತೇ ಹೊರತು ಎದೆಯ ಎತ್ತರವಾಗಲಿಲ್ಲ. ಮಲಗಲೇಬೇಕು, ಕಾಲನ್ನು ಎತ್ತಲೇಬೇಕು.

ಏಕೆಂದು ವಿಚಾರಿಸಿದರೆ ಸಂಗತಿ ಸ್ವಾರಸ್ಯವಾಗಿದೆ. ನಿಂತ ಮನುಷ್ಯನ ಎದೆಗೂ ಪಾದಕ್ಕೂ ಸುಮಾರು ನಾಲ್ಕಡಿಯ ಅಂತರ. ಹೃದಯದಿಂದ ಹೊರಟ ರಕ್ತಕ್ಕೆ ಪಾದಕ್ಕಿಳಿಯುವುದು ಸುಲಭ. ಹಿಂದಿರುಗುವುದು ದೇವರಾಯನದುರ್ಗದ ಬೆಟ್ಟವನ್ನು ಹತ್ತಿದಂತೆ. ಈ ಏರುದಾರಿಯಲ್ಲಿ ರಕ್ತ ಹಿಂದಕ್ಕೆ ಜಾರದಿರಲೆಂದು ಅಭಿಧಮನಿಗಳೊಳಗೆ ಪುಟ್ಟ ಪುಟ್ಟ ಕವಾಟಗಳಿವೆ. ಇಟಲಿಯ ಪಾದುವಾ ನಗರದ ಆಚಾರ್ಯ ಫಾಬ್ರಿಸಿಯಸ್ 1603ರಲ್ಲಿ ಅವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದ. ಅವು ಇರುವುದೇಕೆಂದು ಸರಿಯಾಗಿ ತಿಳಿದು, ರಕ್ತವು ದೇಹವನ್ನೆಲ್ಲ ಸುತ್ತಿ ಹೃದಯಕ್ಕೆ ಮರಳುತ್ತದೆಂದು 1628ರಲ್ಲಿ ಸಾರಿದವನು ಅವನ ಶಿಷ್ಯ ವಿಲಿಯಂ ಹಾರ್ವೆ. ಗುರುವಿನ ಕಣ್ಣಿಗೆ ಬಿದ್ದುದು ಶಿಷ್ಯನ ಬುದ್ಧಿಗೆ ಹೊಳೆಯಿತೆಂಬ ಈ ವೃತ್ತಾಂತ ಅಧ್ಯಾಪಕನಾದ ನನಗೆ ಸಂತೋಷವನ್ನೂ ತುಸು ಕಳವಳವನ್ನೂ ಒಟ್ಟಿಗೆ ಉಂಟುಮಾಡುತ್ತದೆ.

ಕವಾಟಗಳು ಬಾಗಿಲು ಮಾತ್ರ, ನೂಕುವವನು ಬೇರೆ. ಆ ಕೆಲಸ ಮೀನಖಂಡದ ಸ್ನಾಯುವಿನದು. ನಡೆಯುವಾಗ ಅದು ಬಿಗಿದು ಸಡಿಲಿದಂತೆಲ್ಲ ರಕ್ತ ಮೇಲೇರುತ್ತದೆ. ಶಸ್ತ್ರಚಿಕಿತ್ಸೆಯಾದವನಿಗೆ ನಡಿಗೆಯಿಲ್ಲ, ನೂಕುವವನು ರಜೆಯ ಮೇಲೆ ಹೋದಂತಾಯಿತು. ಗಾಯದ ಸುತ್ತ ಒಸರಿದ ನೀರಿಗೆ ಹೋಗಲು ದಾರಿಯಿಲ್ಲದೆ ಪಾದ ಊದುತ್ತದೆ. ಊದಿದ ಚರ್ಮ ಹೊಲಿಗೆಗಳನ್ನು ಜಗ್ಗುತ್ತದೆ. ಗಾಯದ ಅಂಚಿಗೆ ರಕ್ತ ಸಾಲದೆ ಅದು ಕೂಡುವುದು ತಡವಾಗುತ್ತದೆ. ಕಾಲನ್ನು ಎತ್ತಿಟ್ಟರೆ, ಅದುವರೆಗೆ ಶತ್ರುವಾಗಿದ್ದ ಭೂಮಿಯ ಆಕರ್ಷಣೆಯೇ ಕೂಲಿ ಕೇಳದ ಆಳಾಗಿ ಆ ನೀರನ್ನು ಎದೆಯ ಕಡೆಗೆ ಹರಿಸುತ್ತದೆ. ದಿಂಬಿನ ರಹಸ್ಯವೆಲ್ಲ ಇಷ್ಟೇ.

ಮಲಗಲು ಬರುವುದೂ ಒಂದು ಭಾಗ್ಯವೆಂದು ನನಗೆ ತಿಳಿಸಿಕೊಟ್ಟವರು ಕುಣಿಗಲ್ಲಿನಿಂದ ನೋಡಲು ಬಂದ ಮಾವನವರು. ಕುಣಿಗಲ್ಲೆಂದರೆ ಕೆರೆ ಹೇಗೋ ಹಾಗೆ ಕುದುರೆಯೂ ಹೌದು; ಅಲ್ಲಿಯ ಕುದುರೆ ಸಾಕಣೆ ಟಿಪ್ಪು ಸುಲ್ತಾನನ ದಂಡಿನ ಕಾಲಕ್ಕೆ ಹೋಗುತ್ತದೆ. “ನೀವು ಪುಣ್ಯವಂತರು, ಅಳಿಯಂದಿರೇ! ಕುದುರೆಗೆ ಹೀಗಾಗಿದ್ದರೆ ಅದರ ಪಾಡೇನು?” ಎಂದರು ಅವರು. ಮಾತು ನಿಜ. ಕುದುರೆಯ ಮೊಣಕಾಲಿನಿಂದ ಕೆಳಕ್ಕೆ ಮಾಂಸಖಂಡವೇ ಇಲ್ಲವೆನ್ನಬಹುದು. ಅದಕ್ಕೆ ಬದಲಾಗಿ ಗೊರಸಿನೊಳಗೆ ಒಂದು ಮೆತ್ತೆಯಿದೆ; ಹೆಜ್ಜೆ ಊರಿದಾಗಲೆಲ್ಲ ಅದು ಅದುಮಿ ರಕ್ತವನ್ನು ಮೇಲಕ್ಕೆ ನೂಕುತ್ತದೆ. ರಾತ್ರಿಯೆಲ್ಲ ಲಾಯದಲ್ಲಿ ಕಟ್ಟಿಹಾಕಿದ ಕುದುರೆಯ ಕಾಲು ಬೆಳಗ್ಗೆ ಬಾತಿದ್ದರೆ ಅದನ್ನು ನಡೆದಾಡಿಸಿ ಇಳಿಸುತ್ತಾರೆ. ಕಾಲು ಮುರಿದರೆ ಅದೂ ಇಲ್ಲ. ದಿನಗಟ್ಟಲೆ ಮಲಗಿಸಿದರೆ ಮೈಭಾರವೇ ಅದರ ಪುಪ್ಪುಸವನ್ನೂ ಸ್ನಾಯುಗಳನ್ನೂ ಒತ್ತಿ ಕೊಲ್ಲುತ್ತದೆ. ಮನುಷ್ಯನಿಗೆ ಪಾದದೊಳಗೆ ಅಂಥ ಮೆತ್ತೆಯಿಲ್ಲದಿದ್ದರೂ ಹೊರಗೊಂದನ್ನು ಇಟ್ಟುಕೊಂಡು ಮಲಗುವ ಸೌಕರ್ಯವುಂಟು.

ಆದರೆ ಶಾಸ್ತ್ರ ತಿಳಿದ ಮಾತ್ರಕ್ಕೆ ದಿಂಬು ನಿಲ್ಲುವುದಿಲ್ಲ. ತುಮಕೂರಿನ ನಮ್ಮ ಮನೆಯ ಕೋಣೆ ಚಿಕ್ಕದು. ಪೂರ್ವಕ್ಕೆ ದೇವರ ಮನೆ. ಅತ್ತ ಕಾಲು ಚಾಚುವಂತಿಲ್ಲ. ತಲೆ ಉತ್ತರಕ್ಕೆ ಬರಬಾರದಾದುದರಿಂದ ಕಾಲು ದಕ್ಷಿಣಕ್ಕೂ ಹೋಗುವಂತಿಲ್ಲ. ಪಶ್ಚಿಮದಲ್ಲಿ ನನ್ನ ಪುಸ್ತಕಗಳ ಬೀರು, ಸಾಕ್ಷಾತ್ ಸರಸ್ವತಿ. ಉತ್ತರದ ಗೋಡೆಯ ಮೇಲೆ ತಾತನವರ ಭಾವಚಿತ್ರ. ನೆಲದ ಮಟ್ಟದಲ್ಲಿ ಚಾಚಿದ ಕಾಲಾದರೆ ಹೇಗೋ ನಡೆದೀತು. ಇದು ಎತ್ತಿ ತೋರಿಸಿದ ಕಾಲು! ಕೊನೆಗೆ ತೀರ್ಪು ಕೊಟ್ಟವರು ಅಮ್ಮ. “ಕಾಯಿಲೆಯ ಕಾಲಿಗೆ ದಿಕ್ಕಿನ ದೋಷವಿಲ್ಲ ಕಣೋ, ತಾತ ಏನೂ ಅಂದುಕೊಳ್ಳೋಲ್ಲ” ಎಂದು ಉತ್ತರಕ್ಕೆ ಕಾಲು ಬರುವಂತೆ ಮಂಚವನ್ನು ತಿರುಗಿಸಿದರು.

ಎರಡು ಹತ್ತಿಯ ದಿಂಬುಗಳನ್ನು ಒಂದರ ಮೇಲೊಂದಿಟ್ಟು ಮೊದಲ ರಾತ್ರಿ ಮಲಗಿದೆ. ನಡುರಾತ್ರಿಯ ಹೊತ್ತಿಗೆ ಒಂದು ಚಪ್ಪಟೆಯಾಗಿತ್ತು, ಮತ್ತೊಂದು ನೆಲ ಸೇರಿತ್ತು. ಮರುದಿನ ಔಷಧದಂಗಡಿಯಿಂದ ಇಳಿಜಾರಾಗಿ ಕತ್ತರಿಸಿದ ಫೋಮಿನ ದಿಂಬು ಬಂತು. ಅದು ದೊರೆಯದಿದ್ದರೆ ಗಟ್ಟಿಯಾಗಿ ಸುತ್ತಿ ಕಟ್ಟಿದ ಕಂಬಳಿಯಾದರೂ ಆದೀತು. ಕಾಲುದೆಸೆಯಲ್ಲಿ ಮಂಚದ ಕಾಲುಗಳ ಕೆಳಗೆ ಭದ್ರವಾಗಿ ಇಟ್ಟಿಗೆ ಕೊಡುವುದೂ ಹಳೆಯ ಉಪಾಯವೇ. ಯಾವುದೇ ಇರಲಿ, ಆಸರೆ ಮೀನಖಂಡದ ಉದ್ದಕ್ಕೂ ಸಿಗಬೇಕು. ಮೊಣಕಾಲು ತುಸು ಮಡಿಸಿರಬೇಕು. ಹಿಮ್ಮಡಿ ಮಾತ್ರ ದಿಂಬಿನ ಅಂಚಿನಾಚೆ ಗಾಳಿಯಲ್ಲಿರಬೇಕು. ಹಿಮ್ಮಡಿಯೊಂದರ ಮೇಲೆಯೇ ಭಾರ ಬಿಟ್ಟರೆ ಅಲ್ಲಿ ಒತ್ತುಹುಣ್ಣಾಗುತ್ತದೆ, ಮೊಣಕಾಲೂ ನೋಯುತ್ತದೆ. ಬೆರಳುಗಳನ್ನು ಆಗಾಗ ಆಡಿಸುತ್ತಿರಬೇಕು.

ಎಚ್ಚರಿಕೆಯ ಮಾತೂ ಉಂಟು. ಬಹುಕಾಲದ ಸಕ್ಕರೆ ಕಾಯಿಲೆಯಿಂದಲೋ ಹೊಗೆಸೊಪ್ಪಿನಿಂದಲೋ ಕಾಲಿನ ಧಮನಿಗಳು ಕಿರಿದಾದವರಲ್ಲಿ ಕಾಲನ್ನೆತ್ತಿದರೆ ಪಾದಕ್ಕೆ ಬರುವ ರಕ್ತವೇ ಕಡಿಮೆಯಾದೀತು. ಹೃದಯದ ದೌರ್ಬಲ್ಯವಿರುವವರಿಗೆ ಮೇಲಿಂದ ಇಳಿದುಬರುವ ನೀರೇ ಹೊರೆಯಾದೀತು. ಅಂಥವರು ಎತ್ತರವನ್ನು ವೈದ್ಯರಿಂದಲೇ ಗೊತ್ತುಮಾಡಿಸಿಕೊಳ್ಳಬೇಕು. ಬೆರಳುಗಳು ತಣ್ಣಗಾಗಿ ನೀಲಿಗಟ್ಟಿದರೆ, ಮರಗಟ್ಟಿದರೆ, ಮೀನಖಂಡ ಬಿಸಿಯಾಗಿ ನೋಯತೊಡಗಿದರೆ ಕೂಡಲೇ ಆಸ್ಪತ್ರೆಗೆ ತಿಳಿಸಬೇಕು. ಉಸಿರು ಕಟ್ಟಿದಂತಾದರೆ, ಎದೆ ನೊಂದರೆ, ತಡಮಾಡದೆ ಹೊರಟುಬಿಡಬೇಕು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಪುಪ್ಪುಸಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.

ನೋಡಲು ಬರುವವರ ಸಂಕಟ ಬೇರೆಯೇ. ಗುಬ್ಬಿಯಿಂದ ಬಂದ ದೊಡ್ಡಪ್ಪನವರಿಗೆ ಎಲ್ಲಿ ಕುಳಿತುಕೊಳ್ಳಬೇಕೆಂಬುದೇ ಸಮಸ್ಯೆಯಾಯಿತು. ತಲೆದೆಸೆಯಲ್ಲಿ ಒಂದು ಕುರ್ಚಿ, ಕಾಲುದೆಸೆಯಲ್ಲಿ ಒಂದು ಸ್ಟೂಲು. ಅವರ ಊರೋ, 1884ರಲ್ಲಿ ನಾಟಕ ಕಂಪನಿ ಕಟ್ಟಿದ ಊರು. ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೇರಿಸಿದ ಕಂಪನಿ ಅದು. ದೊಡ್ಡಪ್ಪನವರು ಒಂದು ಗಳಿಗೆ ನಿಂತು ನೋಡಿ, ಸ್ಟೂಲಿನ ಮೇಲೆ, ನನ್ನ ಪಾದದ ಪಕ್ಕದಲ್ಲಿಯೇ ಕುಳಿತರು. ನಾನು ಗಾಬರಿಯಿಂದ ಕಾಲನ್ನಿಳಿಸಹೋದರೆ ಕೈಯಿಂದ ದಿಂಬನ್ನು ಒತ್ತಿ ಹಿಡಿದು, “ಇರಲಿ ಬಿಡಪ್ಪ. ಮೊದಲು ಬಂದ ದುರ್ಯೋಧನ ತಲೆದೆಸೆಯಲ್ಲಿ ಕೂತ, ಆಮೇಲೆ ಬಂದ ಅರ್ಜುನ ಕಾಲುದೆಸೆಯಲ್ಲಿ ನಿಂತ. ಕೃಷ್ಣ ಕಣ್ಣುಬಿಟ್ಟಾಗ ಕಂಡದ್ದು ಯಾರನ್ನ?” ಎಂದರು. ಎಪ್ಪತ್ತು ದಾಟಿದ ಹಿರಿಯರು ಮಗನ ವಯಸ್ಸಿನವನ ಪಾದದ ಬಳಿ ಅರ್ಧಗಂಟೆ ಕುಳಿತು ಅಡಕೆಯ ಧಾರಣೆಯನ್ನು ಮಾತನಾಡಿ ಎದ್ದುಹೋದರು.

ಹೀಗೆ ಮಲಗಿದವನ ಕಣ್ಣಿಗೆ ಮನೆ ಬೇರೆಯಾಗಿಯೇ ಕಾಣುತ್ತದೆ. ಎದುರಿಗೆ ಬಂದು ನಿಂತವರ ಮುಖಕ್ಕಿಂತ ಮೊದಲು ಬಾಗಿಲಲ್ಲಿ ಸುಳಿಯುವ ಪಾದಗಳು ಕಾಣುತ್ತವೆ. ಮೂರನೆಯ ದಿನದ ಸಂಜೆ, ಕಾಫಿ ತಂದ ಅಮ್ಮನ ಪಾದಗಳನ್ನು ನೋಡಿದೆ. ಎರಡೂ ಊದಿದ್ದುವು, ಹರಡಿನ ಸುತ್ತ ಕಾಲುಂಗುರದಷ್ಟು ಸಣ್ಣ ಕುಳಿ, ಬೆರಳಿಟ್ಟರೆ ಹಾಗೆಯೇ ನಿಲ್ಲುವಂಥದು. ಕೇಳಿದರೆ, “ಸಾಯಂಕಾಲ ಆದರೆ ಹೀಗೇ, ಬೆಳಗ್ಗೆಗೆ ಇಳಿಯುತ್ತೆ” ಎಂದರು. ಐದು ಗಂಟೆಗೆದ್ದು ಒಲೆಯ ಮುಂದೆ ನಿಂತ ಕಾಲು ಅದು. “ಒಂದು ಗಳಿಗೆ ಮೇಲಿಟ್ಟುಕೊಂಡು ಮಲಗಮ್ಮ” ಎಂದರೆ, “ಮಗನ ಎದುರಿಗೆ, ಸೊಸೆ ಓಡಾಡೋ ಮನೇಲಿ, ಕಾಲೆತ್ತಿಕೊಂಡು ಮಲಗಲೇ?” ಎಂದು ನಕ್ಕುಬಿಟ್ಟರು. ನನ್ನ ಕಾಲಿಗೆ ದಿಕ್ಕಿನ ದೋಷವನ್ನು ಮನ್ನಿಸಿದವರು ತಮ್ಮ ಕಾಲಿಗೆ ಅದನ್ನು ಮನ್ನಿಸಲಾರರು!

ಊತಕ್ಕೆ ಹೃದಯ, ಮೂತ್ರಪಿಂಡ, ಔಷಧಿ, ಏನೇನೋ ಕಾರಣಗಳಿರಬಹುದಾದುದರಿಂದ ನನ್ನ ಮಡದಿ ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದಳು. ಪರೀಕ್ಷೆಗಳಾದುವು. ಅಭಿಧಮನಿಯ ಕವಾಟಗಳು ಸಡಿಲಗೊಂಡಿವೆ, ಬೇರೇನೂ ಇಲ್ಲ ಎಂದು ತಿಳಿಯಿತು. ಬಿಗಿಯಾದ ಕಾಲುಚೀಲ, ಸ್ವಲ್ಪ ನಡಿಗೆ, ದಿನಕ್ಕೆ ಎರಡು ಸಲ ಕಾಲನ್ನೆತ್ತಿ ಮಲಗುವುದು: ಇಷ್ಟೇ ಚಿಕಿತ್ಸೆ. ವೈದ್ಯರು ಅದನ್ನು ಚೀಟಿಯಲ್ಲಿ ಬರೆದುಕೊಟ್ಟುದು ಬಹಳ ಉಪಕಾರವಾಯಿತು. ಮಗ ಹೇಳಿದರೆ ಅದು ಮಾತು, ಚೀಟಿಯಲ್ಲಿದ್ದರೆ ಅದು ಔಷಧ.

ಈಗ ಮಧ್ಯಾಹ್ನ ಎರಡರಿಂದ ಮೂರರವರೆಗೆ ನಡುಮನೆಯ ಚಾಪೆಯ ಮೇಲೆ ಅಮ್ಮ, ಕೋಣೆಯ ಮಂಚದ ಮೇಲೆ ನಾನು, ಒಬ್ಬೊಬ್ಬರಿಗೊಂದೊಂದು ಇಳಿಜಾರು ದಿಂಬು. ಹೊಸಲಿನಲ್ಲಿ ಹೆಜ್ಜೆಯ ಸದ್ದಾದರೆ ಅವರು ಇನ್ನೂ ಕಾಲನ್ನು ಥಟ್ಟನೆ ಕೆಳಕ್ಕೆಳೆದುಕೊಳ್ಳುತ್ತಾರೆ. ನಿನ್ನೆ ಮಾತ್ರ ಬಂದವಳು ಸೊಸೆಯೆಂದು ತಿಳಿದ ಮೇಲೆ ಹಾಗೆಯೇ ಇಟ್ಟುಕೊಂಡಿದ್ದರಂತೆ.